ಮಗಳ ಪಾಲಿನ ಎಣ್ಣೆ

ಚನ್ನರಾಯಪಟ್ಟಣದ ಶಾಂತರಾಜುವಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬಸ್ಸು ತಡವಾದರೆ ಸಿಟ್ಟು, ಹೊತ್ತಿಗೆ ಸರಿಯಾಗಿ ಬಂದು ಅವನಿಗಿಂತ ಮುಂಚೆ ಹೊರಟುಬಿಟ್ಟರೆ ಇನ್ನೂ ಸಿಟ್ಟು. ಆದರೆ ತೆಂಗಿನೆಣ್ಣೆಯನ್ನು ಹೊಳೆಯುವ ಡಬ್ಬಿಗಳಲ್ಲಿ ತುಂಬಿ ಮಾರುವ ದೊಡ್ಡ ಕಂಪನಿಗಳ ಮೇಲಿನ ಸಿಟ್ಟು ಇಂಥ ಚಿಲ್ಲರೆಯದಲ್ಲ. ಅದನ್ನು ಅವನು ವರ್ಷಗಟ್ಟಲೆ ಜೋಪಾನವಾಗಿ ಸಾಕಿಕೊಂಡು ಬಂದಿದ್ದ. ಅವನಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಕಾರಣ ಇಷ್ಟೆ. ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಅವನದೊಂದು ಕರೆಂಟಿನ ಗಾಣ. ಒಂದು ಕಾಲಕ್ಕೆ ಬೆಳಗ್ಗೆ ಶುರುವಾದರೆ ದೀಪ ಹಚ್ಚುವ ಹೊತ್ತಿನವರೆಗೂ ಅದು ನಿಲ್ಲುತ್ತಿರಲಿಲ್ಲ. ಬೀದಿಯಲ್ಲಿ ಹಾದುಹೋಗುವವರು ವಾಸನೆ ಹಿಡಿದೇ ಒಳಗೆ ಬಂದು ಎಣ್ಣೆ ಕೊಳ್ಳುತ್ತಿದ್ದರು. ಅಂಗಡಿಗಳ ತುಂಬ ಬಣ್ಣದ ಡಬ್ಬಿಗಳು ಬಂದು ಕೂತ ಮೇಲೆ ಜನ ಅತ್ತ ತಿರುಗಿದರು. ಈಗ ಗಾಣ ವಾರದಲ್ಲಿ ಎರಡು ದಿನ ತಿರುಗಿದರೆ ಹೆಚ್ಚು. ಮಿಕ್ಕ ದಿನ ಗಾಣದ ಕೆಲಸದವನು ಚಿಕ್ಕಯ್ಯ ಬಾಗಿಲಲ್ಲಿ ಕೂತು ಬೀದಿ ನೋಡುತ್ತಾನೆ. ಹಳ್ಳಿಮೈಸೂರಿನಲ್ಲಿ ಗೊಬ್ಬರದ ವ್ಯಾಪಾರ ಮಾಡುವ ದೊಡ್ಡಯ್ಯನಿಗೆ, ಎಂದರೆ ಶಾಂತರಾಜುವಿನ ಹೆಂಡತಿ ಸುಬ್ಬಮ್ಮನ ಅಣ್ಣನಿಗೆ, ಆ ಕಟ್ಟಡದ ಮೇಲೆ ಕಣ್ಣು ಬಿದ್ದಿತ್ತು. ಗೊಬ್ಬರದ ಮೂಟೆ ಇಡಲು ಗೋಡೌನು ಬೇಕಂತೆ. ಬಹಳ ದಿನ ಹಿಂದೆಮುಂದೆ ನೋಡಿದ ಶಾಂತರಾಜು ಕೊನೆಗೆ, ಸಂಕ್ರಾಂತಿ ಕಳೆಯಲಿ, ಬೀಗದ ಕೈ ಕೊಡುತ್ತೇನೆ ಎಂದುಬಿಟ್ಟ. ಅಂದ ಮೇಲೆ ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಅಂಥ ಹೊತ್ತಿನಲ್ಲಿ ಮಗಳು ರಂಜಿತಾ ಒಂದು ಸುದ್ದಿ ತಂದಳು. ಡಿಪ್ಲೊಮಾ ಓದಿದ ರಂಜಿತಾಗೆ ಹಾಸನದ ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗಿ ಹಾಸನದಲ್ಲೇ ಮನೆ ಮಾಡಿದ್ದಳು. ಒಂದು ಭಾನುವಾರ ತವರಿಗೆ ಬಂದವಳು ಊಟಕ್ಕೆ ಕೂತಾಗ ಮಾತು ತೆಗೆದಳು.

“ಅಪ್ಪ, ನಮ್ ಮಿಷನ್ನಿಗೆ ನಿನ್ ಎಣ್ಣೆ ಬೇಕು ಕಣಪ್ಪ.”

“ಯಾಕೆ, ಮಿಷನ್ನಿಗೆ ತಲೆ ಒಣಗೈತಾ?”

“ತಮಾಸೆ ಅಲ್ಲ. ತಗಡು ಪ್ರೆಸ್ಸಿಗೆ ಓಗೋಕೆ ಮುಂಚೆ ತೆಳ್ಳಗೆ ಎಣ್ಣೆ ಸವರ್ಬೇಕು, ಇಲ್ದಿದ್ರೆ ಗೀರು ಬೀಳುತ್ತೆ, ಹರಿಯುತ್ತೆ. ಈಗ ಹಾಕ್ತಿರೋದು ಎಲ್ಲಿಂದಲೋ ಬರೋ ಎಣ್ಣೆ. ಅದರ ವಾಸನೆ ಡಬ್ಬಿಗೆ ಇಳಿಯುತ್ತೆ ಅಂತ ತಗೊಳ್ಳೋರು ತಕರಾರು ತೆಗ್ದವ್ರೆ. ಅವ್ರು ತುಂಬೋದು ತೆಂಗಿನೆಣ್ಣೆ. ತೆಂಗಿನೆಣ್ಣೆ ತುಂಬೋ ಡಬ್ಬಿಗೆ ತೆಂಗಿನೆಣ್ಣೆನೇ ಸವರಿದ್ರೆ ವಾಸನೆ ಬೆರೆಯೋ ಮಾತೇ ಇಲ್ವಲ್ಲ. ಓದ್ಸಲ ಬಂದಾಗ ಗಾಣದಿಂದ ಒಂದು ಕ್ಯಾನ್ ತಗೊಂಡೋಗಿದ್ನಲ್ಲ, ಅದನ್ನ ಲ್ಯಾಬಲ್ಲಿ ನೋಡಿದ್ರು. ಚೆನ್ನಾಗೈತೆ ಅಂದ್ರು.”

ಶಾಂತರಾಜುವಿನ ಮುದ್ದೆ ಮುರಿಯುವ ಕೈ ನಿಂತಿತು. “ತೆಂಗಿನೆಣ್ಣೆ ತುಂಬೋರು ಅಂದ್ರೆ ಯಾರು? ಆ ಡಬ್ಬಿಯೋರೇ ತಾನೆ? ನನ್ ಗಾಣ ಮಲಗ್ಸಿದೋರ ಡಬ್ಬಿಗೆ ನಾನು ಎಣ್ಣೆ ಅಚ್ಬೇಕಾ?”

“ಅಚ್ಚೋದು ಮಿಷನ್ನು, ನೀವಲ್ಲ,” ಎಂದಳು ಸುಬ್ಬಮ್ಮ, ಸಾರು ಬಡಿಸುತ್ತ. “ಉಣ್ಣಿ, ಆರೋಯ್ತದೆ.”

ಅವನು ಉಂಡ. ಉಣ್ಣುತ್ತ ಯೋಚಿಸಿದ. ಯೋಚಿಸುತ್ತ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಕಾರ್ಖಾನೆ ಒಪ್ಪಿದರೆ ಗಾಣ ದಿನವೂ ತಿರುಗಬೇಕಾಗುತ್ತದೆ. ಒಪ್ಪದಿದ್ದರೆ ದೊಡ್ಡಯ್ಯನಿಗೆ ಬೀಗದ ಕೈ, ಚಿಕ್ಕಯ್ಯನಿಗೆ ಮನೆಯ ದಾರಿ. ಕೈ ತೊಳೆಯಲು ಏಳುವಾಗ, “ಯಾವತ್ತು ಬೇಕವ್ವ?” ಎಂದು ಕೇಳಿದ. ಅಷ್ಟು ಮೆತ್ತಗಿನ ದನಿ ಅವನ ಬಾಯಿಂದ ಬಂದು ಬಹಳ ದಿನವಾಗಿತ್ತು.

ಸಂಕ್ರಾಂತಿಗೆ ಇನ್ನೊಂದು ವಾರವಿದೆ ಎನ್ನುವಾಗ ಪರೀಕ್ಷೆಯ ದಿನ ಗೊತ್ತಾಯಿತು. ಶಾಂತರಾಜು ಮಂಡಿಯಲ್ಲಿ ಕೊಬ್ಬರಿಯ ಬಟ್ಟಲುಗಳನ್ನು ಒಂದೊಂದೇ ಮೂಸಿ ಆರಿಸಿ ತಂದ. ಒಂದು ಚೂರು ಬೂಸಲು ಕಂಡರೂ ಆಚೆ ಎಸೆದ. ಚಿಕ್ಕಯ್ಯ ಗಾಣವನ್ನು ಎರಡು ಸಲ ತೊಳೆದ. ಹೊಸ ಬಟ್ಟೆಯಲ್ಲಿ ಸೋಸಿ, ಗಸಿ ತಳಕ್ಕಿಳಿಯುವವರೆಗೆ ಬಿಟ್ಟು, ಎರಡು ಟಿನ್ನು ತುಂಬಿಸಿದರು. ಮುಚ್ಚಳ ಹಾಕುವ ಕೆಲಸ ಸುಬ್ಬಮ್ಮನದು. ಮಗಳ ಕಡೆಗೆ ಹೋಗುವ ಸಾಮಾನೆಂದು ಅರಿಶಿನ ಕುಂಕುಮ ಹಚ್ಚಿ, ಕೈ ಮುಗಿದು ಕಳಿಸಿದಳು. ಶಾಂತರಾಜು ಅವನ್ನು ಟೆಂಪೋದಲ್ಲಿ ತನ್ನ ಕಾಲ ಬಳಿಯೇ ಇಟ್ಟುಕೊಂಡು ಹಾಸನಕ್ಕೆ ಹೊರಟ. ಶಾಂತಿಗ್ರಾಮದ ಹತ್ತಿರ ಟೆಂಪೋ ಒಂದು ಸಲ ಕುಲುಕಿದ್ದಕ್ಕೆ ಡ್ರೈವರಿಗೆ ಒಂದು ಗದರು ಬಿತ್ತು.

ಪುಷ್ಯದ ಚಳಿ. ಕಾರ್ಖಾನೆಯ ಒಳಗೂ ಜನ ಸ್ವೆಟರು ಬಿಚ್ಚಿರಲಿಲ್ಲ. ಟಿನ್ನಿನ ಮುಚ್ಚಳ ತೆಗೆದರೆ ಎಣ್ಣೆ ಬೆಳ್ಳಗೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಇದು ಮಿಷನ್ನಿಗೆ ಆಗುತ್ತದೋ ಇಲ್ಲವೋ ಎಂದು ಶಾಂತರಾಜು ಮಗಳ ಮುಖ ನೋಡಿದ, ಆದರೆ ರಂಜಿತಾ ನಕ್ಕಳು. ಎಣ್ಣೆ ಹಾಕುವ ಟ್ಯಾಂಕಿಗೆ ಬಿಸಿ ಮಾಡುವ ಏರ್ಪಾಟನ್ನು ಅವಳು ಮೊದಲೇ ಮಾಡಿಸಿದ್ದಳು. ಸ್ವಲ್ಪ ಹೊತ್ತಿಗೆ ಎಣ್ಣೆ ಕರಗಿ ತಿಳಿಯಾಯಿತು, ಇಡೀ ಶೆಡ್ಡಿಗೆ ಕೊಬ್ಬರಿಯ ವಾಸನೆ ಹಬ್ಬಿತು. ಯಾರೋ ಒಬ್ಬ ಕೆಲಸಗಾರ, ಹಸಿವಾಗ್ತಿದೆ ಮೇಡಂ, ಎಂದ. ಶಾಂತರಾಜು ಮೀಸೆಯ ಮೇಲೆ ಕೈ ಹಾಕಿಕೊಂಡ.

ಪರೀಕ್ಷೆ ನಡೆಸುವವನು ವಸಿಷ್ಠ. ಹೊಳೆನರಸೀಪುರದ ಪೂಜೆಯ ಮನೆತನದ ಹುಡುಗ, ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು ಅವನ ಕೆಲಸ. ಮಾತು ಮೃದು, ನಿಯಮ ಗಟ್ಟಿ. ಶಾಂತರಾಜುವಿಗೆ ಕುರ್ಚಿ ಹಾಕಿಸಿ, ಕಾಫಿ ತರಿಸಿ, “ನೀವು ರಂಜಿತಾ ಅವರ ತಂದೆ ಅನ್ನೋದು ನನಗೆ ಗೊತ್ತು. ಮಿಷನ್ನಿಗೆ ಗೊತ್ತಿಲ್ಲ, ಏನೂ ಅಂದ್ಕೋಬೇಡಿ,” ಎಂದ. ಈ ಮಾತು ಶಾಂತರಾಜುವಿಗೆ ಹಿಡಿಸಲಿಲ್ಲ, ಆದರೂ ಕಾಫಿ ಕುಡಿದ.

ಗಾಣವೊಂದು ಬಿಟ್ಟು ಬೇರೆ ಯಂತ್ರಕ್ಕೆ ಬೆಲೆ ಕೊಟ್ಟವನಲ್ಲ ಶಾಂತರಾಜು. ಆದರೂ ಅಲ್ಲಿ ನಿಂತು ನೋಡಿದಾಗ ಕಣ್ಣು ಕೀಳಲಾಗಲಿಲ್ಲ. ಒಂದು ತುದಿಯಲ್ಲಿ ಆಳೆತ್ತರದ ತಗಡಿನ ಸುರುಳಿ. ಅದು ಬಿಚ್ಚಿಕೊಳ್ಳುತ್ತ, ಕನ್ನಡಿಯಂಥ ಪಟ್ಟಿಯಾಗಿ ಓಡೋಡಿ ಬಂದು ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ನುಗ್ಗಿ ಆಚೆ ಬದಿಯಿಂದ ಹೊರಬರುತ್ತಿತ್ತು. ಪೆಟ್ಟಿಗೆಗೆ ಒಂದು ಗಾಜಿನ ಕಿಂಡಿ. ರಂಜಿತಾ ಅಪ್ಪನನ್ನು ಅದರ ಮುಂದೆ ನಿಲ್ಲಿಸಿದಳು.

“ಒಳಗಡೆ ಎಣ್ಣೆಗೆ ಭಾರಿ ಕರೆಂಟು ಕೊಡ್ತೀವಿ. ಕರೆಂಟು ತಗೊಂಡ ಎಣ್ಣೆ ಹನಿಯಾಗಿ ನಿಲ್ಲಲ್ಲ, ಒಡೆದು ಮಂಜಾಗುತ್ತೆ. ತಗಡಿಗೆ ಕರೆಂಟಿಲ್ಲ, ಅದನ್ನ ತಂತಿ ಹಾಕಿ ಭೂಮಿಗೆ ಕಟ್ಟಿದ್ದೀವಿ, ಅರ್ತಿಂಗು. ಅದಕ್ಕೇ ಮಂಜೆಲ್ಲ ತಾನಾಗೇ ತಗಡಿನ ಕಡೆ ಎಳ್ಕೊಂಡೋಗಿ ಎಲ್ಲಾ ಕಡೆ ಒಂದೇ ಸಮ ಅಂಟುತ್ತೆ. ಯಾರೂ ಬಟ್ಟೆಲಿ ಸವರೋ ಅಂಗಿಲ್ಲ, ಒಂದು ತೊಟ್ಟು ನೆಲಕ್ಕೆ ಬೀಳಲ್ಲ.”

ಕಿಂಡಿಯಲ್ಲಿ ನಿಜವಾಗಿಯೂ ಮಂಜು ಕಾಣಿಸಿತು. ತನ್ನ ಗಾಣದ ಎಣ್ಣೆ ಬೆಳಗಿನ ಕೆರೆಯ ಮೇಲಿನ ಮಂಜಿನಂತೆ ತೇಲುತ್ತ ತಗಡಿನ ಮೇಲೆ ಕೂರುವುದನ್ನು ನೋಡಿ ಶಾಂತರಾಜುವಿಗೆ ಒಂಥರಾ ಆಯಿತು. ಹೆಮ್ಮೆಯೇ ಇರಬೇಕು. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಒಳಗೆ ಚಟ್ಟೆಂದು ಸದ್ದಾಯಿತು. ಕೆಂಪು ದೀಪ ಹತ್ತಿತು, ಓಡುತ್ತಿದ್ದ ತಗಡು ನಿಂತಿತು.

ರಂಜಿತಾ ಮತ್ತೆ ಚಾಲೂ ಮಾಡಿಸಿದಳು. ನಾಲ್ಕು ಮಾರು ತಗಡು ಓಡಿತೋ ಇಲ್ಲವೋ, ಮತ್ತೆ ಚಟ್ಟೆಂದು ದೀಪ ಕೆಂಪಾಯಿತು. ಮೂರನೆಯ ಸಲಕ್ಕೂ ಅದೇ ಕತೆ. ಹೊರಗೆ ಬಂದ ತಗಡಿನ ಮೇಲೆ ಒಂದು ಕಡೆ ಎಣ್ಣೆ ಗೆರೆಗೆರೆಯಾಗಿ ಕೂತಿದ್ದರೆ ಇನ್ನೊಂದು ಕಡೆ ಒಣ ಒಣ. ಹಸಿವಾಗುತ್ತಿದೆ ಎಂದಿದ್ದ ಕೆಲಸಗಾರ ಈಗ ಬೇರೆ ಕಡೆ ನೋಡುತ್ತಿದ್ದ.

“ಕರೆಂಟು ಸೋರ್ತಿದೆ,” ಎಂದ ವಸಿಷ್ಠ. “ಎಣ್ಣೆಯಲ್ಲಿ ಏನೋ ಇದೆ.”

“ನನ್ನ ಎಣ್ಣೇಲಾ?” ಶಾಂತರಾಜು ಕಿಂಡಿ ಬಿಟ್ಟು ಗಿರಕ್ಕನೆ ತಿರುಗಿದ. “ಸಾಮಿ, ಮೂವತ್ತು ವರ್ಸದಿಂದ ಗಾಣ ಆಡಿಸ್ತಾ ಇವ್ನಿ. ನನ್ನ ಎಣ್ಣೇಲಿ ಎಣ್ಣೆ ಬಿಟ್ರೆ ಇನ್ನೇನೂ ಇರಕ್ಕಿಲ್ಲ. ನಿಮ್ಮ ಮಿಷನ್ನೇ ಕೆಟ್ಟೈತೆ, ನೋಡ್ಕಳಿ.”

ರಂಜಿತಾ ಯಂತ್ರ ಆರಿಸಿ, ಟ್ಯಾಂಕಿನ ಕೆಳಗಿನ ಜರಡಿ ಬಿಚ್ಚಿದಳು. ಸಣ್ಣ ಕಣ್ಣಿನ ಆ ಜರಡಿಯಲ್ಲಿ ಬೆಳ್ಳಗಿನ ಹರಳು ಹರಳು ಕಾಳುಗಳು ಸಿಕ್ಕಿಕೊಂಡಿದ್ದವು. ಒಂದನ್ನು ಬೆರಳ ತುದಿಗೆ ತೆಗೆದುಕೊಂಡು ನಾಲಗೆಗೆ ಮುಟ್ಟಿಸಿದವಳು ಅಪ್ಪನ ಮುಖ ನೋಡಿದಳು.

“ಉಪ್ಪು ಕಣಪ್ಪ.”

“ಉಪ್ಪಾ?”

“ಕಲ್ಲುಪ್ಪು. ದಪ್ಪ ಹರಳು ಇಲ್ಲಿ ಸಿಕ್ಕಿದಾವೆ. ಆದ್ರೆ ಉಪ್ಪು ತೇವ ಎಳ್ಕೊಳ್ಳುತ್ತೆ ನೋಡು, ಆ ಉಪ್ಪುನೀರು ಕಣ್ಣಿಗೆ ಕಾಣದ ಅಂಗೆ ಎಣ್ಣೇಲಿ ಸೇರ್ಕೊಂಡೈತೆ. ಅದರ ದಾರೀಲೇ ಕರೆಂಟು ಸೋರಿದ್ದು.”

ವಸಿಷ್ಠ ಜರಡಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. “ಲ್ಯಾಬಿಗೆ ಕೊಟ್ಟ ಎಣ್ಣೆಯಲ್ಲಿ ಇದಿರಲಿಲ್ಲ. ನಮಗೆ ಒಂದು ತೋರಿಸಿ, ಇನ್ನೊಂದು ಕಳಿಸಿದ ಹಾಗಾಯ್ತು. ಇದನ್ನ ನಾನು ಕಲಬೆರಕೆ ಅಂತಲೇ ಬರೀಬೇಕಾಗುತ್ತೆ, ಶಾಂತರಾಜು ಅವರೇ.”

ಗಾಣದವನಿಗೆ ಆ ಮಾತಿಗಿಂತ ದೊಡ್ಡ ಬೈಗುಳವಿಲ್ಲ. ಬೇರೆ ದಿನವಾಗಿದ್ದರೆ ಶಾಂತರಾಜು ಆ ಹುಡುಗನ ನೀರಿಳಿಸುತ್ತಿದ್ದ. ಆದರೆ ಉಪ್ಪು ಎಂದ ಕೂಡಲೇ ಅವನಿಗೆ ಎಲ್ಲ ತಿಳಿದುಹೋಗಿತ್ತು.

ಮಾರುವ ಎಣ್ಣೆಗೆ ಅವರ ಮನೆಯಲ್ಲಿ ಯಾರೂ ಏನೂ ಹಾಕುತ್ತಿರಲಿಲ್ಲ. ಅದು ತಿಂಗಳೊಪ್ಪತ್ತಿನಲ್ಲಿ ಖರ್ಚಾಗುವ ಎಣ್ಣೆ. ಆದರೆ ನಂಟರಿಷ್ಟರ ಮನೆಗೆ ಹೋಗುವ ಟಿನ್ನು ವರ್ಷವೆಲ್ಲ ಮೂಲೆಯಲ್ಲಿ ಕೂರುತ್ತದೆ, ಕಮಟು ಬರಬಾರದು. ಅದಕ್ಕೆಂದು ಮುಚ್ಚಳ ಹಾಕುವ ಮುಂಚೆ ಒಂದು ಹಿಡಿ ಕಲ್ಲುಪ್ಪು ಬಿಡುವುದು ಶಾಂತರಾಜುವಿನ ತಾಯಿಯ ಪದ್ಧತಿ. ಅತ್ತೆಯಿಂದ ಅದು ಸುಬ್ಬಮ್ಮನಿಗೆ ಬಂದಿತ್ತು. ತಂಗಿಯ ಮನೆಗೆ, ನಾದಿನಿಯ ಮನೆಗೆ, ಮಗಳ ಮನೆಗೆ ಹೋಗುವ ಎಣ್ಣೆಗೆ ಉಪ್ಪು ಬೀಳದೆ ಮುಚ್ಚಳ ಬೀಳುತ್ತಿರಲಿಲ್ಲ. ಮೊನ್ನೆ ತುಂಬಿಸಿದ ಎರಡೂ ಟಿನ್ನು ಮಗಳ ಪಾಲಿನವೇ ತಾನೆ.

“ಅಮ್ಮ ಅಲ್ವಾ?” ಎಂದಳು ರಂಜಿತಾ, ಅಪ್ಪನಿಗೆ ಮಾತ್ರ ಕೇಳುವ ಹಾಗೆ.

ಶಾಂತರಾಜುವಿಗೆ ಆ ಗಳಿಗೆಯಲ್ಲಿ ಎರಡು ದಾರಿ ಕಂಡವು. ಕೆಲಸದವನ ಕೈತಪ್ಪು ಎಂದುಬಿಡಬಹುದು, ಚಿಕ್ಕಯ್ಯ ಇಲ್ಲಿಗೇನೂ ಕೇಳಲು ಬರುವುದಿಲ್ಲ. ಇಲ್ಲವೇ ಹೆಂಡತಿಯ ಪೆದ್ದುತನವನ್ನು ಈ ಪ್ಯಾಂಟಿನವರ ಮುಂದೆಲ್ಲ ಬಿಚ್ಚಿಡಬೇಕು. ಪೆದ್ದುತನ ಎನ್ನಲು ಅವನ ಮನಸ್ಸು ಒಪ್ಪಲಿಲ್ಲ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ.

“ನಮ್ಮನೆಯೋಳು ಆಕವ್ಳೆ, ಸಾಮಿ. ಮಗಳ ಪಾಲಿನ ಎಣ್ಣೆ, ಕೆಡಬಾರ್ದು ಅಂತ. ಪರರಿಗೆ ಮಾರೋದಕ್ಕೆ ಆಕಲ್ಲ. ನೀವು ಲ್ಯಾಬಲ್ಲಿ ನೋಡಿದ್ದು ಮಾರೋ ಎಣ್ಣೆ, ಇದು ಮನೆಯೋರಿಗೆ ಅಂತ ತೆಗ್ದಿದ್ದು. ನಿಮಗೆ ಮೋಸ ಮಾಡ್ಬೇಕು ಅಂತಲ್ಲ.”

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ವಸಿಷ್ಠ ಜರಡಿಯನ್ನು ಮತ್ತೆ ರಂಜಿತಾ ಕೈಗೆ ಕೊಟ್ಟ.

“ನಮ್ಮಮ್ಮ ಮೆಣಸಿನ ಕಾಳು ಹಾಕ್ತಾರೆ,” ಎಂದ ಆಮೇಲೆ. “ಆದ್ರೆ ನಾನು ಬರೀಬೇಕಾದ್ದು ಮಿಷನ್ನು ನಡೀತಾ, ಇಲ್ವಾ ಅನ್ನೋದನ್ನ. ಇವತ್ತು ನಡೀಲಿಲ್ಲ.”

“ಸರ್,” ಎಂದಳು ರಂಜಿತಾ, “ಹೆಂಗಿದ್ರೂ ಟ್ಯಾಂಕು ತೊಳೆದು ಒಣಗಿಸ್ಬೇಕು. ಅದು ಊಟದ ಹೊತ್ತಿನವರೆಗೂ ಹಿಡಿಯುತ್ತೆ. ಅಷ್ಟರಲ್ಲಿ ಗಾಣದಿಂದ ಮಾರೋ ಎಣ್ಣೆಯ ಟಿನ್ನು ಬಂದ್ರೆ ಇನ್ನೊಂದು ಸಲ ನೋಡೋಣ. ಬರ್ಲಿಲ್ಲ ಅಂದ್ರೆ ನೀವು ಬರೀಬೇಕಾದ್ದು ಬರೀರಿ.”

ವಸಿಷ್ಠ ತಲೆಯಾಡಿಸಿದ. “ಊಟ ಮುಗಿಸಿ ಲೈನು ಶುರುವಾಗೋ ಹೊತ್ತಿಗೆ ಇರಬೇಕು. ಆಮೇಲೆ ಹಳೆ ಎಣ್ಣೆ ಹಾಕಿ ನಡೆಸ್ತೀವಿ.”

ಶಾಂತರಾಜು ಹೊರಗೆ ಬಂದು ಮನೆಗೆ ಫೋನು ಮಾಡಿದ. ಸುಬ್ಬಮ್ಮ ಕಾದು ಕೂತಿದ್ದವಳ ಹಾಗೆ ತಟ್ಟನೆ ಎತ್ತಿದಳು.

“ಏನ್ರೀ, ಮಿಷನ್ನು ಒಪ್ಕಂತಾ?”

“ಸುಬ್ಬೀ, ಟಿನ್ನಿಗೆ ಉಪ್ಪಾಕಿದ್ದಾ?”

“ಊಂ ಮತ್ತೆ. ಮಗಳ ತಾವ್ಕೆ ಓಗೋ ಎಣ್ಣೆಗೆ ಉಪ್ಪಾಕ್ದೆ ಕಳ್ಸಕ್ಕಾಯ್ತದಾ? ನಾಲ್ಕು ಜನ ನೋಡೋ ಜಾಗ ಅಂತ ಒಂದಿಡಿ ಜಾಸ್ತಿನೇ ಬುಟ್ಟಿವ್ನಿ.”

ಬಯ್ಯಬೇಕೆಂದು ಅವನು ತುಂಬಿಕೊಂಡಿದ್ದ ಮಾತೆಲ್ಲ ಆ ಒಂದು ಹಿಡಿ ಜಾಸ್ತಿ ಎನ್ನುವುದರಲ್ಲಿ ಕರಗಿಹೋಯಿತು. ನಡೆದದ್ದನ್ನು ಸಣ್ಣಗೆ ಹೇಳಿದ. ಕೇಳಿಸಿತಾ ಎಂದು ಅವನು ಎರಡು ಸಲ ಕೇಳಬೇಕಾಯಿತು.

“ಕೇಳುಸ್ತು,” ಎಂದಳು ಕೊನೆಗೆ. “ಈಗೇನ್ ಮಾಡ್ಬೇಕು?”

“ಮಾರಕ್ಕೆ ಇಟ್ಟಿರೋದ್ರಾಗೆ ಒಂದು ಟಿನ್ನ ಚಿಕ್ಕಯ್ಯನ ಕೈಲಿ ಬಸ್ಸಿಗೆ ಕಳ್ಸು. ಊಟದೊತ್ತಿಗೆ ಇಲ್ಲಿರ್ಬೇಕು.”

“ಚಿಕ್ಕಯ್ಯ ಅರಕಲಗೂಡಿಗೆ ನೆಂಟ್ರ ಮನೆಗೆ ಓಗವ್ನೆ. ನಾನೇ ತತ್ತೀನಿ.”

“ನೀನಾ? ಅಷ್ಟು ಭಾರ ಎಂಗೆ ಎತ್ತೀಯ?”

“ಮಾಡ್ದೋಳು ನಾನು ತಾನೆ, ನಾನೇ ಎತ್ತೀನಿ. ಫೋನಿಡಿ, ಬಸ್ಸು ಓಯ್ತದೆ.”

ಅಲ್ಲಿಂದಾಚೆಗೆ ಶಾಂತರಾಜು ಕಾರ್ಖಾನೆಯ ಗೇಟಿನ ಬಳಿ ನಿಂತವನು ಅಲ್ಲಾಡಲಿಲ್ಲ. ವಾಚ್‌ಮನ್ ಒಳಗೆ ಬಂದು ಕೂರಿ ಎಂದದ್ದು ಅವನಿಗೆ ಕೇಳಿಸಲೂ ಇಲ್ಲ. ಬಸ್ಸು ಸಿಗುವುದೋ ಇಲ್ಲವೋ ಎನ್ನುವುದು ಒಂದು ಚಿಂತೆ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆರಿಸಿದ ಕೊಬ್ಬರಿ, ಎರಡು ಸಲ ತೊಳೆದ ಗಾಣ, ಹೊಸ ಬಟ್ಟೆ, ಎಲ್ಲ ಸುರಿದು ಮಾಡಿದ ಎಣ್ಣೆಯೇ ಇಲ್ಲಿ ನಿಲ್ಲಲಿಲ್ಲ. ಈಗ ಬರುತ್ತಿರುವುದು ಯಾವುದೋ ಮಂಗಳವಾರದ ಎಣ್ಣೆ. ಆ ದಿನ ತನಗೆ ಜ್ವರವಿತ್ತೋ, ಸಿಟ್ಟಿತ್ತೋ, ಚಿಕ್ಕಯ್ಯನಿಗೆ ನಿದ್ದೆಗಣ್ಣಿತ್ತೋ. ದೊಡ್ಡಯ್ಯನಿಗೆ ಮಾತು ಕೊಟ್ಟ ಮೇಲಂತೂ ಶಾಂತರಾಜು ಎಷ್ಟೋ ದಿನ ಗಾಣದ ಕಡೆ ತಲೆ ಹಾಕಿರಲಿಲ್ಲ. ಯಾರೋ ಕೊಳ್ಳುವವರು ಬರುತ್ತಾರೆ, ಹಣ ಕೊಟ್ಟು ಒಯ್ಯುತ್ತಾರೆ, ಅವರ ಮುಖವೂ ನೆನಪಿರುವುದಿಲ್ಲ. ಅಂಥವರಿಗೆ ಕೊಟ್ಟ ಎಣ್ಣೆ ಹೇಗಿತ್ತು ಎನ್ನುವುದು ಇವತ್ತು ಹೊರಗೆ ಬೀಳುತ್ತದೆ.

ಆ ಹೊತ್ತಿಗೇ ದೊಡ್ಡಯ್ಯನ ಫೋನು ಬಂತು.

“ಭಾವ, ಸಂಕ್ರಾಂತಿ ಮಾರನೇ ದಿನವೇ ಲೋಡು ಬತ್ತದೆ ಕಣ. ಗಾಣ ಕಿತ್ತು ಜಾಗ ಬುಡುಸ್ಬುಟ್ರೆ ಚೆಂದಾಗಿತ್ತು.”

“ಸಂಜೆ ಏಳ್ತೀನಿ,” ಎಂದು ಶಾಂತರಾಜು ಫೋನು ಜೇಬಿಗೆ ಹಾಕಿದ.

ಒಳಗೆ ಊಟದ ಗಂಟೆ ಹೊಡೆಯಿತು. ಕೆಲಸಗಾರರು ಡಬ್ಬಿ ಬಿಚ್ಚಿ, ಉಂಡು, ಕೈ ತೊಳೆದು ಬಿಸಿಲಿಗೆ ಬಂದು ನಿಂತರು. ರಂಜಿತಾ ಊಟ ಮಾಡದೆ ಗೇಟಿಗೂ ಶೆಡ್ಡಿಗೂ ಓಡಾಡುತ್ತಿದ್ದಳು. ಅವಳು ನಾಲ್ಕನೆಯ ಸಲವೋ ಐದನೆಯ ಸಲವೋ ಬಂದಾಗ ರಸ್ತೆಯ ತಿರುವಿನಲ್ಲಿ ಒಂದು ಆಟೋ ಕಾಣಿಸಿತು.

ಸುಬ್ಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಳು. ಟಿನ್ನು ಅವಳ ತೊಡೆಯ ಮೇಲಿತ್ತು. ಕಂಡಕ್ಟರು ಅದನ್ನು ಬಸ್ಸಿನ ಡಿಕ್ಕಿಗೆ ಹಾಕು ಎಂದು ಜಗಳ ತೆಗೆದಿದ್ದನಂತೆ. ಅಲ್ಲಿ ಯಾರಾದರೂ ಏನಾದರೂ ಸೋಕಿಸಿದರೆ ಎಂದು ಇವಳು ಹಾಸನದವರೆಗೂ ಮಡಿಲಿಂದ ಇಳಿಸಿರಲಿಲ್ಲ. ಆಟೋದಿಂದ ಇಳಿದಾಗ ಕಾಲು ಜೋಮು ಹಿಡಿದು ಅವಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಗಂಡನ ಮುಖ ನೋಡದೆ ಟಿನ್ನನ್ನು ಮುಂದೆ ಚಾಚಿದಳು.

“ಇದಕ್ಕೆ ನನ್ ಕೈ ಸೋಕಿಲ್ಲ. ಮುಚ್ಚಳ ಚಿಕ್ಕಯ್ಯನೇ ಆಕಿದ್ದು,” ಎಂದಳು.

ಮೂವತ್ತು ವರ್ಷ ಆ ಕೈಯಿಂದ ಉಂಡವನು ಶಾಂತರಾಜು. ಟಿನ್ನು ಇಸಿದುಕೊಂಡು, “ಕಾಪಿ ಕುಡುದಾ?” ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. “ನಡಿ ಒಳಕ್ಕೆ,” ಎಂದು ಅವಳ ತೋಳು ಹಿಡಿದುಕೊಂಡೇ ಕರೆದುಕೊಂಡು ಹೋದ. ನಾಲ್ಕು ಜನರ ಮುಂದೆ ಅವನು ಹಾಗೆ ತೋಳು ಹಿಡಿದದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು.

ತೊಳೆದು ಒಣಗಿಸಿದ ಟ್ಯಾಂಕಿಗೆ ಎಣ್ಣೆ ಸುರಿದರು. ಕರಗುವವರೆಗೆ ಕಾದರು. ರಂಜಿತಾ ಜರಡಿಯನ್ನು ಎರಡು ಸಲ ನೋಡಿ, ಗುಂಡಿ ಒತ್ತಿದಳು. ಸುರುಳಿ ತಿರುಗಿತು, ತಗಡು ಓಡಿತು, ಕಿಂಡಿಯಲ್ಲಿ ಮಂಜು ಎದ್ದಿತು. ಶಾಂತರಾಜು ಮಂಜನ್ನು ನೋಡಲಿಲ್ಲ. ಕೆಂಪು ದೀಪವನ್ನೇ ನೋಡುತ್ತಿದ್ದ. ಅದು ಹತ್ತಿಕೊಳ್ಳುವ ಗಳಿಗೆ ಬಂತು, ದಾಟಿತು. ಇನ್ನೊಂದು ಬಂತು, ಅದೂ ದಾಟಿತು. ಸುಬ್ಬಮ್ಮ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಸುರುಳಿ ಕರಗುತ್ತ ಕರಗುತ್ತ ತೆಳ್ಳಗಾಯಿತು. ಕೊನೆಯ ಸುತ್ತು ಬಿಚ್ಚಿ, ತಗಡಿನ ಬಾಲ ಪೆಟ್ಟಿಗೆ ದಾಟಿ ಆಚೆ ಬಂದರೂ ದೀಪ ಹತ್ತಲಿಲ್ಲ.

ವಸಿಷ್ಠ ತಗಡಿನ ಮೊದಲಲ್ಲಿ, ನಡುವಲ್ಲಿ, ಕೊನೆಯಲ್ಲಿ ತುಂಡು ಕತ್ತರಿಸಿಕೊಂಡು ಲ್ಯಾಬಿಗೆ ಹೋದ. ಶಾಂತರಾಜು ಒಂದು ತುಂಡನ್ನು ಅತ್ತಿತ್ತ ತಿರುಗಿಸಿ ನೋಡಿದ. ಅವನ ಮುಖವೇ ಅದರಲ್ಲಿ ಕಂಡಿತೇ ಹೊರತು ಎಣ್ಣೆ ಕಾಣಲಿಲ್ಲ.

“ಎಲ್ಲವ್ವ ಎಣ್ಣೆ?”

“ಕಾಣಬಾರ್ದು ಕಣಪ್ಪ. ಕಂಡ್ರೆ ಜಾಸ್ತಿ ಆಗೈತೆ ಅಂತ ಅರ್ಥ.”

ಅವನು ಬೆರಳಿನಿಂದ ಒಂದು ಸಲ ಸವರಿ ಮೂಗಿನ ಹತ್ತಿರ ತಂದ. ಇತ್ತು. ಮಂಡಿಯ ಹಿಂದಿನ ಬೀದಿಯ ಅದೇ ವಾಸನೆ ಆ ಒಂದು ಬೆರಳಿನ ಮೇಲಿತ್ತು.

ವಸಿಷ್ಠ ಬರುವಾಗ ಮುಖದಲ್ಲಿ ಏನೂ ತೋರುತ್ತಿರಲಿಲ್ಲ, ಅದು ಅವನ ಅಭ್ಯಾಸ. ಬಂದವನು ನೇರ ಸುಬ್ಬಮ್ಮನ ಮುಂದೆ ನಿಂತ.

“ಈ ಅಂಚಿಂದ ಆ ಅಂಚಿನವರೆಗೂ ಒಂದೇ ಸಮ ಕೂತಿದೆ. ಈ ಎಣ್ಣೆ ಯಾವಾಗ ತೆಗೆದದ್ದು ಅಮ್ಮಾ? ಏನಾದ್ರೂ ವಿಶೇಷವಾಗಿ ಮಾಡಿಸಿದ್ರಾ?”

ಇದೂ ಒಂದು ಪರೀಕ್ಷೆಯೇ ಎಂದು ಸುಬ್ಬಮ್ಮ ಗಾಬರಿಯಾದಳು. “ವಿಸೇಸ ಏನೂ ಇಲ್ಲ ಕಣಪ್ಪ. ಬಂದೋರಿಗೆ ಕೊಡೋದು. ಯಾವಾಗಿಂದು ಅಂತ ನಂಗೂ ಗ್ಯಾನ ಇಲ್ಲ. ಪರರಿಗೆ ಅಂತ ನಾವು ಬ್ಯಾರೆ ಥರ ತೆಗಿಯಲ್ಲ. ಉಪ್ಪೊಂದ ಆಕಲ್ಲ, ಅಷ್ಟೇಯ.”

“ಹಾಗಾದ್ರೆ ದಿನಾ ಹೀಗೇ ಬರುತ್ತೆ ಅನ್ನಿ.”

“ದಿನಾ ಇಂಗೇಯ.”

ವಸಿಷ್ಠ ಶಾಂತರಾಜುವಿನ ಕಡೆ ತಿರುಗಿದ. “ಬೆಳಗ್ಗೆ ತಂದ ಎಣ್ಣೆ ನನಗೆ ಒಂದು ದಿನದ ಎಣ್ಣೆ, ಯಜಮಾನ್ರೆ. ಅದು ನಡೆದಿದ್ರೂ ನಾಳೆ ಹೇಗಿರುತ್ತೋ ಅಂತ ನನಗೆ ಅನುಮಾನ ಇರ್ತಿತ್ತು. ಇದಕ್ಕೆ ಅನುಮಾನ ಇಲ್ಲ. ಹಬ್ಬ ಮುಗಿಸಿ ಕಳಿಸೋಕೆ ಶುರು ಮಾಡಿ, ತಿಂಗಳು ತಿಂಗಳು ಬೇಕಾಗುತ್ತೆ.”

ಹೊರಗೆ ಬರುವಾಗ ಬಿಸಿಲು ಇಳಿದಿತ್ತು. ಸುಬ್ಬಮ್ಮ ಈಗ ಎರಡು ಲೋಟ ಕಾಫಿ ಕುಡಿದು, ಮಗಳ ಡಬ್ಬಿಯ ಅನ್ನವನ್ನೂ ಬಲವಂತಕ್ಕೆ ತಿಂದು ಚೇತರಿಸಿಕೊಂಡಿದ್ದಳು. ಆದರೂ ಅವಳಿಗೆ ಒಂದು ಕೊರಗು ಉಳಿದಿತ್ತು. ಇನ್ನು ಮೇಲೆ ರಂಜಿತಾಗೆಂದು ಏನೂ ಸೇರಿಸುವ ಹಾಗಿಲ್ಲವಲ್ಲ ಎಂದಳು. ಮನೆಗೆ ಎಷ್ಟು ಬೇಕಾದರೂ ಸೇರಿಸಮ್ಮ, ಎಂದು ರಂಜಿತಾ ಅವಳ ಹೆಗಲು ತಬ್ಬಿಕೊಂಡಳು.

ಶಾಂತರಾಜು ಎರಡು ಹೆಜ್ಜೆ ಮುಂದೆ ಹೋಗಿ ನಿಂತು ಫೋನು ತೆಗೆದ.

“ಭಾವ, ಬೀಗದ ಕೈ ಕೊಡಕ್ಕಾಗಕ್ಕಿಲ್ಲ. ಲೋಡಿಗೆ ಬೇರೆ ಜಾಗ ನೋಡ್ಕ. ಗಾಣ ತಿರುಗ್ಬೇಕು.”

“ತಿರುಗ್ಸಿ ಏನ್ ಮಾಡೀಯ ಭಾವ?” ದೊಡ್ಡಯ್ಯನ ದನಿ ಫೋನಿನಾಚೆಗೂ ಕೇಳುವಷ್ಟು ದೊಡ್ಡದು. “ಆ ಎಣ್ಣೆ ಕೊಳ್ಳೋರು ಯಾರವ್ರೆ?”

“ನಮ್ ಮಗಳು ಕೊಂಡವ್ಳೆ ಕಣ,” ಎಂದ ಶಾಂತರಾಜು. “ಅಪ್ಪಂದು ಅಂತಲ್ಲ. ಗುರುತೇ ಇಲ್ದೋರ ಅಂಗೆ ನಿಂತು, ಪರೀಕ್ಸೆ ಮಾಡಿ ಕೊಂಡವ್ಳೆ.”

ಅಷ್ಟು ಹೇಳಿ ಅವನು ಫೋನನ್ನು ಕಿವಿಯಿಂದ ಇಳಿಸಿ ಆಚೆ ತಿರುಗಿ ನಿಂತ. ದೊಡ್ಡಯ್ಯ ಅಲ್ಲಿಂದ ಇನ್ನೂ ಏನೋ ಕೇಳುತ್ತಿದ್ದ. ಸುಬ್ಬಮ್ಮ ಬಂದು ಗಂಡನ ಕೈಯಿಂದ ಫೋನು ಇಸಿದುಕೊಂಡು, ಅವರಿಗೆ ಈಗ ಮಾತಾಡಲು ಆಗುವುದಿಲ್ಲ ಕಣಣ್ಣ, ಆಮೇಲೆ ಮಾಡ್ತಾರೆ, ಎಂದು ಹೇಳಿ ಇಟ್ಟಳು.